ಹಡಗಿನ ಹೊಟ್ಟೆಯೊಳಗೆ ಏನೋ ಸದ್ದು

ಮನೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ಜಗ್ಗಿ ನೋಡುವ ಜನರಿರುತ್ತಾರಲ್ಲ, ನಾನು ಆ ಪೈಕಿ. ನನ್ನ ವಿಷಯದಲ್ಲಿ ಇನ್ನೂ ಒಂದು ತೊಂದರೆ ಹೆಚ್ಚು. ಹಾಗೆ ಜಗ್ಗಿ ನೋಡಿದ ಮೇಲೆ, ಜಗ್ಗಿದ್ದರಿಂದಲೇ ಬೀಗ ಸಡಿಲಾಗಿರಬಹುದೇ ಎಂಬ ಹೊಸ ಫಿಕರು ಹುಟ್ಟುತ್ತದೆ. ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಭತ್ತದ ಲಾರಿಗಳನ್ನು ತೂಗಿಸುವುದು ನನ್ನ ಕೆಲಸ. ಲಾರಿ ಗೇಟು ದಾಟಿದ ಮೇಲೆ, ತೂಗುವಾಗ ಕ್ಲೀನರ್ ಒಳಗೇ ಮಲಗಿದ್ದನೇನೋ ಎಂದು ಅನುಮಾನ ಬರುತ್ತದೆ. ಊಟ ಸೇರುವುದಿಲ್ಲ. ನನ್ನ ರಕ್ತದೊತ್ತಡ ನೋಡಿದ ಡಾಕ್ಟರು, "ಕೈಗೆ ಏನಾರ ಕೆಲಸ ಕೊಡ್ರಿ. ತ್ವಾಟ ಮಾಡ್ರಿ, ಇಲ್ಲಾ ಏನಾರ ಕಟ್ರಿ. ಮನಸ್ಸು ತಣ್ಣಗಾಗ್ತೈತಿ" ಎಂದರು. ತೋಟಕ್ಕೆ ನಮ್ಮ ಮನೆಯಲ್ಲಿ ಜಾಗವಿಲ್ಲ. ಹಾಗಾಗಿ ಹೆಂಡತಿ ಗಿರಿಜಾ ಮೊಬೈಲಿನಲ್ಲಿ ಹುಡುಕಿ, ಕಟ್ಟಿಗೆಯ ತುಂಡುಗಳನ್ನು ಜೋಡಿಸಿ ಹಾಯಿಹಡಗು ಮಾಡುವ ಒಂದು ಡಬ್ಬಿ ತರಿಸಿಬಿಟ್ಟಳು.

ಡಬ್ಬಿ ತೆರೆದೊಡನೆ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಉಗುರಿಗಿಂತ ಸಣ್ಣ ತುಂಡುಗಳು, ಕಾಗದದಷ್ಟು ತೆಳ್ಳನೆಯ ಪಟ್ಟಿಗಳು, ಕಂಬಗಳು, ಹಾಯಿಯ ಬಟ್ಟೆ, ನೂಲಿನ ಉಂಡೆ. ಜೊತೆಗಿದ್ದ ಚಿತ್ರಗಳ ಕೆಳಗಿನ ಬರಹ ಯಾವ ದೇಶದ್ದೋ ತಿಳಿಯಲಿಲ್ಲ. ನಮ್ಮ ಕಡೆಯವರು ನೀರು ಕಂಡಿದ್ದೇವೆ, ಕಾಲುವೆ ಕಂಡಿದ್ದೇವೆ. ಅದರಲ್ಲಿ ತೇಲಿ ಬಂದದ್ದೆಂದರೆ ಟೊಂಗೆ ಮತ್ತು ಒಂಟಿ ಚಪ್ಪಲಿ. ಹಡಗಿನ ಮೂತಿ ಯಾವುದು, ಹಿಂಭಾಗ ಯಾವುದು ಎಂದು ತೀರ್ಮಾನಿಸುವುದರಲ್ಲೇ ಮೊದಲ ಭಾನುವಾರ ಹೋಯಿತು. ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ ಬಾಗಿಸಬೇಕಂತೆ. ನೆನೆಸಲು ಸರಿಯಾದ ಉದ್ದದ ಪಾತ್ರೆ ಮನೆಯಲ್ಲಿದ್ದದ್ದು ಒಂದೇ, ಅನ್ನದ ಬೋಗುಣಿ. ಆಮೇಲೆ ಕೆಲವು ದಿನ ನಮ್ಮ ಅನ್ನಕ್ಕೆ ಬಡಗಿಯ ಅಂಗಡಿಯ ವಾಸನೆ ಇತ್ತು. ಗಿರಿಜಾ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ನನಗೆ ಇನ್ನೂ ಗಾಬರಿ.

ಈ ಕೆಲಸಕ್ಕೆ ಪ್ರೇಕ್ಷಕರೆಂದರೆ ನಮ್ಮ ಮಾವ, ಗಿರಿಜಾಳ ತಂದೆ. ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದವರು. ಈಗ ನಮ್ಮ ಜೊತೆಗೇ ಇದ್ದಾರೆ. ನೆಲದಡಿಯ ಸಿಡಿತದ ಸದ್ದಿಗೆ ಅವರ ಕಿವಿ ಮಂದವಾಗಿ, ಈಗ ಕಿವಿಗೆ ಮಿಷನ್ ಹಾಕಿಕೊಳ್ಳುತ್ತಾರೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಎಲೆಅಡಿಕೆಯ ಚೀಲ ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ನಾನೋ ಕೆಲಸ ಮಾಡುವಾಗ ಬಾಯಿ ಮುಚ್ಚುವವನಲ್ಲ. 'ಇದು ಸೀಳಬಹುದು, ಇದು ಒಣಗಲಿಕ್ಕಿಲ್ಲ, ಇದು ಎಡಗಡೆಯದೋ ಬಲಗಡೆಯದೋ' ಎಂದು ಗೊಣಗುತ್ತಲೇ ಇರುತ್ತಿದ್ದೆ.

"ಹಡಗ ಕಟ್ಟಾಕತ್ತೀಯೋ, ಅದಕ್ಕ ಸಮಾಧಾನ ಹೇಳಾಕತ್ತೀಯೋ?" ಎಂದು ಒಮ್ಮೆ ಕೇಳಿದರು.

ಅಂತೂ ಒಂದು ಶನಿವಾರ ಮಧ್ಯಾಹ್ನ ಹಡಗಿನ ಹೊಟ್ಟೆಯ ಮೇಲೆ ತೆಳು ಹಲಗೆಯ ಮೇಲ್ಹಾಸು ಇಟ್ಟು ಗೋಂದು ಹಾಕಿ ಮುಚ್ಚಿದೆ. ಸುತ್ತಲೂ ಬೆರಳಾಡಿಸಿದೆ, ಎಲ್ಲಿಯೂ ಸಂದಿಲ್ಲ. ನನ್ನ ಕೈಯಿಂದ ಆದ ಕೆಲಸದಲ್ಲಿ ತಿರುಗಿ ನೋಡಬೇಕೆನಿಸದೆ ಹೋದದ್ದು ಅದೊಂದೇ. ಸಂಜೆ ಚಹ ಕುಡಿಯುವಾಗ ಮಾವ ಕಿವಿ ಮುಟ್ಟಿಕೊಂಡು, "ನನ್ನ ಮಿಷನ್ ಎಲ್ಲೈತಿ?" ಎಂದರು.

ದಿಂಬು, ಹಾಸಿಗೆ, ಅಂಗಿಯ ಜೇಬು, ಬಚ್ಚಲು, ಎಲ್ಲ ಕಡೆ ಹುಡುಕಿದೆವು. ಮರುದಿನ ಮಸ್ಕಿಯಲ್ಲಿ ಮಾವನ ತಮ್ಮನ ಮೊಮ್ಮಗಳು ಪಲ್ಲವಿಯ ಮದುವೆ ಮಾತುಕತೆ ಇತ್ತು. ಲಿಂಗಸುಗೂರಿನಿಂದ ಗಂಡಿನವರು ಬರುವವರಿದ್ದರು. ಮನೆತನದ ಹಿರಿಯ ಮಾವನೇ. ಅವರು ಹೂಂ ಎಂದರೆ ಹೂಂ. "ಕಿವಿ ಇಲ್ಲದ ಹೋದ್ರ ಯಾರ ಏನ್ ಕೇಳಿದ್ರೂ ನಾ ಹೂಂ ಅಂತೀನಿ. ಆಮ್ಯಾಲೆ ನನ್ನ ಅನ್ನಬ್ಯಾಡ್ರಿ" ಎಂದು ಅವರು ಮೊದಲೇ ಹೇಳಿಬಿಟ್ಟರು.

ಮೇಜಿನ ಮೇಲೆ ನೋಡೋಣವೆಂದು ನಾನು ಹಡಗನ್ನು ಎತ್ತಿದೆ. ಒಳಗೆ ಏನೋ ಗಡಗಡ ಉರುಳಿತು. ಹಾಗೇ ಮೆಲ್ಲಗೆ ಕೆಳಗಿಟ್ಟೆ.

"ಏನದು ಸಪ್ಪಳ?" ಎಂದಳು ಗಿರಿಜಾ.

"ಯಾವ ಸಪ್ಪಳ?"

ಅವಳು ಬಂದು ಹಡಗನ್ನೆತ್ತಿ ನನ್ನ ಕಿವಿಯ ಹತ್ತಿರವೇ ಅಲ್ಲಾಡಿಸಿದಳು. ಮಿಷನ್ ಸಣ್ಣದು, ಅವರು ಬಗ್ಗಿ ನೋಡುವಾಗ ಜಾರಿ ಒಳಗೆ ಬಿದ್ದಿರಬಹುದು, ಎಲ್ಲ ಸರಿ. ಆದರೆ ನನ್ನ ಕಣ್ಣು ಆ ಸಂದಿಲ್ಲದ ಮೇಲ್ಹಾಸಿನ ಮೇಲೇ ಇತ್ತು. "ಮಸ್ಕಿಯಿಂದ ಬಂದ ಮ್ಯಾಲೆ ತಗದ್ರಾತು" ಎಂದೆ. "ಒಂದು ಹುಡುಗಿ ಜೀವನ ಐತ್ರಿ" ಎಂದಳು ಗಿರಿಜಾ. ತರಕಾರಿ ಚಾಕು ತಂದು ನನ್ನ ಕೈಯಲ್ಲಿಟ್ಟವಳೂ ಅವಳೇ. ಗೋಂದು ಬಿಡಲೊಲ್ಲದು. ಕೊನೆಗೆ ಮೇಲ್ಹಾಸು ಚಟ್ಟನೆ ಸೀಳಿ ಎರಡಾಯಿತು. ಹಡಗನ್ನು ಬೋರಲು ಹಾಕಿದೆ. ಅಂಗೈಗೆ ಬಿದ್ದದ್ದು ಅರ್ಧ ಅಡಿಕೆ.

ಮಾವ ಅದನ್ನು ಕಂಡು, "ಅಲ್ಲಿತ್ತಾ" ಎಂದು ಇಸಿದುಕೊಂಡು ಬಾಯಿಗೆ ಹಾಕಿಕೊಂಡರು.

ಮಿಷನ್ ಸಿಗಲಿಲ್ಲ. ಹೀಗೆ ಮರುದಿನ ಮಸ್ಕಿಯಲ್ಲಿ ನಾನೇ ಮಾವನ ಕಿವಿಯಾಗಿ ಪಕ್ಕದಲ್ಲಿ ಕೂರಬೇಕಾಯಿತು. ಗುಟ್ಟಿನ ಮಾತನ್ನೂ ಕಿವುಡರಿಗೆ ಕೂಗಿಯೇ ಹೇಳಬೇಕು ಎಂಬ ಸಂಗತಿ ಅಲ್ಲಿ ಕೂತ ಮೇಲೆ ಹೊಳೆಯಿತು. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಪಲ್ಲವಿ ಬಂದು ತಂಬಿಗೆಯ ನೀರು ಹಾಕುತ್ತ ಮೆಲ್ಲಗೆ, "ಮಾಮಾ, ನನ್ನ ನರ್ಸಿಂಗ್ ಓದು ಇನ್ನಾ ಮುಗಿದಿಲ್ಲ. ಮುಗದ ಮ್ಯಾಲೆ ಮದುವಿ ಅಂತ ದೊಡ್ಡ ಅಜ್ಜಗ ಒಂದು ಮಾತು ಹೇಳ್ರಿ. ಮನ್ಯಾಗ ಯಾರೂ ಕೇಳವಲ್ರು" ಎಂದಳು. ಅವಳ ಕಣ್ಣು ಬಾಗಿಲ ಕಡೆಗಿತ್ತು. ನೀರು ನನ್ನ ಕಾಲ ಮೇಲೆ ಬೀಳುತ್ತಿತ್ತು. ನಾನು ತಲೆಯಾಡಿಸಿದೆ. ಆಡಿಸಿದ ಮರುಕ್ಷಣವೇ ಯಾಕಾದರೂ ಆಡಿಸಿದೆನೋ ಅನ್ನಿಸಿತು.

ಒಳಗೆ ಗಂಡಿನವರು ಮುಂದಿನ ತಿಂಗಳೇ ಮುಹೂರ್ತ ನೋಡುವ ಮಾತೆತ್ತಿದ್ದರು. ನಾನು ಮಾವನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದೆ.

"ಏನು?" ಎಂದರು.

ಸ್ವಲ್ಪ ಏರಿಸಿದೆ.

"ಓದು ಅಂದ್ರ? ಯಾರ ಓದು? ಬಾಯಿ ಬಿಟ್ಟು ಹೇಳೋ."

ಹೇಗೂ ಎಲ್ಲರೂ ಮಾತಿನಲ್ಲಿದ್ದಾರೆಂದು ಗಂಟಲೆತ್ತಿ ಕೂಗಿದೆ. ಅದೇ ಗಳಿಗೆಗೆ ಎಲ್ಲರೂ ಚಹದ ಬಟ್ಟಲಿಗೆ ಬಾಯಿಟ್ಟು ಸುಮ್ಮನಾಗಿದ್ದರು. "ಪಲ್ಲವಿಗೆ ಓದು ಮುಗಿಯೋತನಕ ಮದುವಿ ಬ್ಯಾಡಂತ" ಎಂಬ ನನ್ನ ದನಿ ಇಡೀ ಪಡಸಾಲೆಯಲ್ಲಿ ಗುಂಯ್‌ಗುಟ್ಟಿತು. ಪಲ್ಲವಿಯ ಅಪ್ಪ ನನ್ನನ್ನು ನೋಡಿದ ನೋಟಕ್ಕೆ ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದು ನೆನಪು ಮಾಡಿಕೊಳ್ಳತೊಡಗಿದೆ.

ಮೊದಲು ಬಟ್ಟಲು ಕೆಳಗಿಟ್ಟದ್ದು ಹುಡುಗನ ತಾಯಿ. "ಖರೇ ಹೇಳಬೇಕಂದ್ರ ನಮ್ಮ ಹುಡುಗನ ನೌಕರಿನೂ ಇನ್ನಾ ಕಾಯಂ ಆಗಿಲ್ರಿ. ನೀವು ಅವಸರ ಮಾಡ್ತೀರೇನೋ ಅಂತ ನಾವೂ ಅವಸರ ಮಾಡಿದ್ವಿ" ಎಂದರು. ಹುಡುಗ ನೆಲ ನೋಡುತ್ತಿದ್ದವನು ತಲೆಯೆತ್ತಿದ. ಮಾವ ಎಲ್ಲರ ಮುಖ ನೋಡಿ, "ಹೂಂ. ಓದು ಮುಗೀಲಿ" ಎಂದರು. ಮನೆತನದ ಹಿರಿಯರು ಹೂಂ ಎಂದ ಮೇಲೆ ಮುಗಿಯಿತು. ಬಾಗಿಲ ಹಿಂದೆ ಬಳೆಯ ಸದ್ದಾಯಿತು.

ಸಿಂಧನೂರಿನ ಬಸ್ಸಿನಲ್ಲಿ ಕೂತ ಮೇಲೆ ಮಾವ ಎಲೆಅಡಿಕೆಯ ಚೀಲ ಬಿಚ್ಚಿ, ಸುಣ್ಣದ ಡಬ್ಬಿಯ ಪಕ್ಕದಿಂದ ಮಿಷನ್ ತೆಗೆದು ಕಿವಿಗೆ ಸಿಕ್ಕಿಸಿಕೊಂಡರು.

"ಯಾವಾಗ ಸಿಕ್ತ್ರಿ?" ಎಂದೆ.

"ಅಲ್ಲೇ, ನೀ ಹಿತ್ತಲಕ ಹೋಗಿದ್ದಾಗ. ಅಡಿಕಿ ಹುಡುಕುವಾಗ."

"ಮತ್ತ ಅಲ್ಲಿ ಯಾಕ ಹಾಕ್ಕೊಳ್ಳಲಿಲ್ರಿ? ನನ್ನ ಜೀವ ಹೋಗಿತ್ತು."

"ಹಿತ್ತಲದಾಗ ಆ ಹುಡುಗಿ ನಿನಗ ಏನೋ ಹೇಳಾಕತ್ತಿದ್ದು ಕಿಟಕ್ಯಾಗ ಕಂಡಿತ್ತು. ನೀ ಮೆಲ್ಲಕ ಹೇಳಿದ್ರ ಅದು ನಮ್ಮಿಬ್ಬರ ನಡುವ ಉಳೀತಿತ್ತು. ಆಕಿ ಅಪ್ಪ ನನ್ನನ್ನ ಹೊರಗ ಕರಕೊಂಡು ಹೋಗಿ ಸಮಾಧಾನ ಮಾಡ್ತಿದ್ದ" ಎಂದು ಕಿಟಕಿಯ ಕಡೆ ತಿರುಗಿದರು.

ಹಡಗಿನ ಮೇಲ್ಹಾಸನ್ನು ಮತ್ತೆ ಅಂಟಿಸಿದ್ದೇನೆ. ನಡುವೆ ಒಂದು ಗೆರೆ ಉಳಿದಿದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಕಂಬ ನಿಂತಿವೆ. ಮೊನ್ನೆ ಹಾಯಿಗೆ ನೂಲು ಕಟ್ಟುತ್ತಿದ್ದಾಗ ಲಿಂಗಸುಗೂರಿನಿಂದ ಫೋನು ಬಂತು. ಆ ಹುಡುಗನ ತಾಯಿ. ಅವರ ತಂಗಿಯ ಮನೆಯಲ್ಲಿ ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವ ಮಾತುಕತೆಯಂತೆ. "ಯಾರಿಗೂ ಅಂಜದ, ಇದ್ದದ್ದು ಇದ್ದಂಗ ಹೇಳೋರು ಒಬ್ಬರು ನಡುವ ಬೇಕಾಗಿತ್ರಿ. ನಿಮ್ಮನ್ನ ಬಿಟ್ಟು ನಮಗ ಯಾರೂ ನೆನಪಿಗೆ ಬರಲಿಲ್ಲ" ಎಂದರು. ಬರುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಹಾಗೆ ಹೇಳಲು ಧೈರ್ಯ ಸಾಲದೆ, ಬರುತ್ತೇನೆ ಎಂದುಬಿಟ್ಟೆ.