ಒಂದು ಸಂಜೆಯ ಹೆಡ್ ಕೋಚ್

ಹೆಸರಿನ ಜೊತೆಗೆ 'ಅಸಿಸ್ಟೆಂಟ್' ಎಂಬ ಪದ ಒಮ್ಮೆ ಅಂಟಿಕೊಂಡಿತೆಂದರೆ ಅದು ಅಂಗಿಯ ಮೇಲೆ ಬಿದ್ದ ಗೇರುಹಣ್ಣಿನ ರಸದ ಹಾಗೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನಾನಂತೂ ಅದನ್ನು ಎರಡು ಕಡೆ ಅಂಟಿಸಿಕೊಂಡವನು. ಬಹರೈನಿನ ಒಂದು ಖಾಸಗಿ ಕಾಲೇಜಿನಲ್ಲಿ ಹಗಲು ಲ್ಯಾಬ್ ಅಸಿಸ್ಟೆಂಟ್, ಸಂಜೆ ಬೇಸ್‌ಬಾಲ್ ತಂಡದ ಅಸಿಸ್ಟೆಂಟ್ ಕೋಚ್. ತೊಂಬತ್ತರ ದಶಕದ ಬಹುಭಾಗ ನನ್ನದು ಹೀಗೆಯೇ ಕಳೆಯಿತು. ಊರಿಗೆ ಬರೆಯುವ ಕಾಗದಗಳಲ್ಲಿ ಮಾತ್ರ ಧೈರ್ಯ ಮಾಡಿ ಅಸಿಸ್ಟೆಂಟನ್ನು ಕೈಬಿಟ್ಟು ಬರೇ 'ಕೋಚ್' ಎಂದು ಬರೆಯುತ್ತಿದ್ದೆ. ಅದನ್ನು ಯಾರಿಂದಲೋ ಓದಿಸಿಕೊಂಡ ನನ್ನ ಅತ್ತೆ ಮಂಗಳೂರಿನಿಂದ ಮಗಳಿಗೆ ಫೋನ್ ಮಾಡಿ, "ಅಳಿಯಂದಿರು ರೈಲ್ವೆಗೆ ಸೇರಿದ್ದಂತೆ, ಹೌದಾ? ಅಲ್ಲಿ ರೈಲೇ ಇಲ್ಲ ಅಂತ ಹೇಳ್ತಾರಲ್ಲ" ಎಂದು ವಿಚಾರಿಸಿದ್ದರು.

ಕಾಲೇಜಿನಲ್ಲಿ ಈ ಆಟ ಶುರುಮಾಡಿದವರು ಗಣಿತ ಕಲಿಸಲು ಬಂದಿದ್ದ ಅಮೆರಿಕದ ವಾಲೇಸ್ ಎಂಬವರು. ಒಂದು ದಿನ ಮೈದಾನದ ಬದಿಯಲ್ಲಿ ನಿಂತು ನೋಡುತ್ತಿದ್ದ ನನ್ನ ಕಾಲ ಬಳಿ ಚೆಂಡೊಂದು ಬಂದು ನಿಂತಿತು. ಎತ್ತಿ ಎಸೆದೆ. ಊರಿನಲ್ಲಿ ಪಕ್ಕದ ಮನೆಯ ಮಾವಿನಕಾಯಿಗಳನ್ನು ಕಲ್ಲಿನಿಂದ ಬೀಳಿಸಿ ಪಳಗಿದ ಕೈ ನನ್ನದು. ಚೆಂಡು ಸೀದಾ ಹೋಗಿ ವಾಲೇಸರ ಕೈಗವಸಿನೊಳಗೆ ಬಿತ್ತು. "ನಾಳೆಯಿಂದ ಬನ್ನಿ" ಎಂದರು. ಹೋದೆ. ಸುಣ್ಣದ ಗೆರೆ ಎಳೆಯುವುದು, ಚೆಂಡಿನ ಚೀಲ ಹೊರುವುದು, ಮೈದಾನದ ಪಕ್ಕದ ಬುದಯ್ಯ ರಸ್ತೆಯ ಆಚೆಗಿನ ಖರ್ಜೂರದ ತೋಟಕ್ಕೆ ಹಾರಿದ ಚೆಂಡನ್ನು ನನಗೆ ಬರುವಷ್ಟು ಅರಬಿಯಲ್ಲಿ ಬೇಡಿ ತರುವುದು ನನ್ನ ಕೆಲಸ. ಆಟವೇನೂ ಕಷ್ಟದ್ದಲ್ಲ. ಚೆಂಡು ಹೊಡೆದವನು ಮೊದಲ, ಎರಡನೆಯ, ಮೂರನೆಯ ಬೇಸುಗಳನ್ನು ದಾಟಿ ಹೊರಟ ಜಾಗಕ್ಕೇ ಮರಳಿ ಬಂದರೆ ಒಂದು ರನ್. ಆ ಜಾಗಕ್ಕೆ 'ಹೋಮ್' ಎನ್ನುತ್ತಾರೆ. ಗಲ್ಫಿನಲ್ಲಿ ಕುಳಿತವನಿಗೆ ಆ ಪದವನ್ನು ದಿನಕ್ಕೆ ಐವತ್ತು ಸಲ ಕೇಳುವುದು ಅಷ್ಟೇನೂ ಸುಲಭವಲ್ಲ.

ಪಂದ್ಯದ ಹೊತ್ತಿಗೆ ಅಸಿಸ್ಟೆಂಟ್ ಮೊದಲ ಬೇಸಿನ ಬಳಿ ನಿಂತು "ಓಡು, ಓಡು" ಎನ್ನುತ್ತಿರಬೇಕು. ಹೆಡ್ ಕೋಚ್ ನಿಲ್ಲುವುದು ಮೂರನೆಯ ಬೇಸಿನ ಬಳಿ. ಅಲ್ಲಿಗೆ ಬಂದವನು ನಿಲ್ಲಬೇಕೋ, ಹೋಮಿಗೆ ನುಗ್ಗಬೇಕೋ ಎಂದು ಕೈಸನ್ನೆಯಲ್ಲಿ ತೀರ್ಮಾನ ಕೊಡುವವರು ಅವರು. ಎಂಟು ವರ್ಷ ನಾನು ಮೊದಲ ಬೇಸಿನಲ್ಲಿ ನಿಂತು ಮೂರನೆಯದನ್ನು ನೋಡಿದೆ. ನಡುವೆ ಮರಳಿನ ಅಂಗಳವಷ್ಟೇ ಇತ್ತು, ಆದರೂ ಅದು ನನಗೆ ಊರಿಗಿಂತ ದೂರವಾಗಿ ಕಾಣುತ್ತಿತ್ತು. ವಾಲೇಸ್ ಹೋದಾಗ ಈ ಸಲ ನಾನೇ ಎಂದುಕೊಂಡು ಟೋಪಿ ಒಗೆದಿಟ್ಟೆ. ಬೇರೊಬ್ಬರು ಬಂದರು. ಅವರು ಹೋದಾಗ ಮತ್ತೆ ಒಗೆದೆ. ಮೂರನೆಯವರು ಬಂದರು. "ಏನೇ ಆಗಲಿ ಟೋಪಿ ಶುದ್ಧ ಆಯ್ತಲ್ಲ ಮಾರಾಯ್ರೆ" ಎಂದಳು ನನ್ನ ಹೆಂಡತಿ ಸುಮತಿ. ಪ್ರತಿ ಪಂದ್ಯದ ಮರುದಿನ ಊಟಕ್ಕೆ ಕುಳಿತು, ಹೆಡ್ ಕೋಚ್ ಯಾರನ್ನು ನಿಲ್ಲಿಸಬಾರದಿತ್ತು, ಯಾರನ್ನು ಓಡಿಸಬಾರದಿತ್ತು ಎಂದು ನಾನು ಅವಳಿಗೆ ವಿವರಿಸುತ್ತಿದ್ದೆ. ಬೇಸ್‌ಬಾಲ್ ಚೆಂಡನ್ನೇ ಕಂಡಿರದ ಅವಳು ಸಾರು ಬಡಿಸುತ್ತಾ "ಹೌದೌದು" ಎನ್ನುತ್ತಿದ್ದಳು.

ಒಂಬತ್ತನೆಯ ವರ್ಷ, ಫಿಲಿಪಿನೋ ನೌಕರರ ತಂಡದ ಎದುರು ನಮ್ಮ ಫೈನಲ್ ಪಂದ್ಯಕ್ಕೆ ಎರಡೇ ದಿನ ಇದೆ ಎನ್ನುವಾಗ, ಮೂರನೆಯ ಕೋಚ್ ತಂದೆಗೆ ಕಾಯಿಲೆಯೆಂದು ಕೆಲಸ ಬಿಟ್ಟು ವಿಮಾನ ಹತ್ತಿದರು. ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಅವರು ಬಹರೈನಿನವರೇ, ಮಾತು ಕಡಿಮೆ. "ಮಿಸ್ಟರ್ ವಾಸು, ನಾಡಿದ್ದು ನೀವೇ ಹೆಡ್ ಕೋಚ್. ಗೆದ್ದರೆ, ಇನ್ಶಾಲ್ಲಾ, ಇನ್ನು ಮುಂದೆಯೂ ನೀವೇ."

ಪಂದ್ಯದ ಸಂಜೆ ನಾನು ಮೂರನೆಯ ಬೇಸಿನ ಬಳಿ ನಿಂತೆ. ಅಲ್ಲಿಂದ ಮೈದಾನ ಬೇರೆಯೇ ಆಗಿ ಕಾಣುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಕೊನೆಯ ಸರದಿ, ನಾವು ಒಂದು ರನ್ ಹಿಂದೆ, ಇನ್ನೊಬ್ಬ ಔಟಾದರೆ ಎಲ್ಲ ಮುಗಿಯಿತು. ಎರಡನೆಯ ಬೇಸಿನಲ್ಲಿ ನಮ್ಮ ಅತಿ ವೇಗದ ಓಟಗಾರ ಯೂಸುಫ್. ಚೆಂಡು ದೂರ ಹೋಯಿತು, ಅವನು ನನ್ನ ಕಡೆಗೆ ಹಾರಿ ಬಂದ. ಹೋಮಿಗೆ ಓಡಿಸಿದರೆ ಸಮಬಲವಾಗಬಹುದು, ನಿಲ್ಲಿಸಿದರೆ ಆಟ ಉಳಿಯುತ್ತದೆ. ಎಂಟು ವರ್ಷ ಊಟದ ಮೇಜಿನ ಮೇಲೆ ಒಂದೂ ತಪ್ಪದೆ ತೀರ್ಮಾನ ಕೊಟ್ಟಿದ್ದ ನಾನು, ಬಲಗೈಯನ್ನು ಗಿರಗಿರನೆ ತಿರುಗಿಸಿ "ಓಡು" ಎಂದೆ. ಅದೇ ಗಳಿಗೆಯಲ್ಲಿ ಎಡಗೈ ತನ್ನಷ್ಟಕ್ಕೆ ಮೇಲೆದ್ದು "ನಿಲ್ಲು" ಎಂದಿತು. ಯೂಸುಫ್ ನಾಲ್ಕು ಹೆಜ್ಜೆ ಓಡಿ, ತಿರುಗಿ ನನ್ನನ್ನು ನೋಡಿ, ನಡುದಾರಿಯಲ್ಲಿ ನಿಂತುಬಿಟ್ಟ. ಎದುರಾಳಿಗಳು ಆತುರವಿಲ್ಲದೆ ಬಂದು ಚೆಂಡು ಮುಟ್ಟಿಸಿ ಅವನನ್ನು ಔಟ್ ಮಾಡಿದರು.

ಪ್ರಿನ್ಸಿಪಾಲರು ಮೈದಾನಕ್ಕಿಳಿದು ಬಂದು, "ಯಾಕೆ ನಿಂತೆ?" ಎಂದು ಯೂಸುಫನನ್ನು ಕೇಳಿದರು. ಅವನು ನನ್ನ ಕಡೆ ನೋಡಲಿಲ್ಲ. "ತಪ್ಪು ನನ್ನದು ಸರ್. ಕೋಚ್ ಮಾಡಿದ ಸನ್ನೆಯನ್ನು ನಾನು ನೋಡಲೇ ಇಲ್ಲ" ಎಂದ. ಅಲ್ಲಿಯ ತನಕ ಆ ತಂಡದಲ್ಲಿ ಎಲ್ಲರಿಗೂ ನಾನು ಮಿಸ್ಟರ್ ವಾಸು. ಕೋಚ್ ಎಂದು ಅವತ್ತೇ ಮೊದಲು ಕರೆಸಿಕೊಂಡದ್ದು. "ಕೋಚನ್ನು ನೋಡದವನು ಮುಂದಿನ ವರ್ಷ ಆಡುವುದು ಬೇಡ" ಎಂದ ಪ್ರಿನ್ಸಿಪಾಲರು, ನನ್ನ ಕಡೆ ತಿರುಗಿ, "ನಿಮ್ಮದೇನೂ ತಪ್ಪಿಲ್ಲ. ನೀವು ಮುಂದುವರಿಯಿರಿ" ಎಂದರು.

ನಾನು ಆ ಕ್ಷಣವೇ ಸತ್ಯ ಹೇಳಿದೆ ಎಂದು ಬರೆಯಲು ಆಸೆಯಿದೆ. ಹೇಳಲಿಲ್ಲ. ಮರುದಿನ ಮಧ್ಯಾಹ್ನದ ತನಕ ನಾನು ಹೆಡ್ ಕೋಚ್ ಆಗಿಯೇ ಇದ್ದೆ, ಲ್ಯಾಬಿನಲ್ಲಿ ಗಾಜಿನ ನಳಿಕೆಗಳನ್ನು ಹೆಡ್ ಕೋಚ್ ಆಗಿಯೇ ತೊಳೆದೆ. ಊಟಕ್ಕೆ ಕುಳಿತಾಗ ಸುಮತಿ ಎಂದಿನಂತೆ ಕೇಳಿದಳು: "ನಿನ್ನೆ ಯಾರದ್ದು ತಪ್ಪು?"

ಎಲ್ಲವನ್ನೂ ಹೇಳಿದೆ.

"ಆ ಹುಡುಗ ಎಂತಕ್ಕೆ ಸುಳ್ಳು ಹೇಳಿದ್ದು?"

"ನನಗೆ ಅದು ಎಷ್ಟು ಬೇಕಿತ್ತು ಅಂತ ಅವನಿಗೆ ಗೊತ್ತುಂಟು. ಎಲ್ಲರಿಗೂ ಗೊತ್ತುಂಟು."

ಸುಮತಿ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. "ಊಟ ಮುಗಿಸಿ ಹೋಗಿ ಬನ್ನಿ" ಎಂದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಪ್ರಿನ್ಸಿಪಾಲರ ಕೋಣೆಯಲ್ಲಿ ನಿಂತು, ಎರಡೂ ಕೈ ಎತ್ತಿ ನಡೆದದ್ದನ್ನು ಮಾಡಿ ತೋರಿಸಿದೆ. ಅವರು ನಗಲಿಲ್ಲ, ಅದು ಅವರ ದೊಡ್ಡತನ. "ಖಲಾಸ್, ಅಲ್ಲಿಗೆ ಮುಗಿಯಿತು. ಯೂಸುಫ್ ಆಡಲಿ" ಎಂದರು. ಬಳಿಕ ಬಹಳ ಮೃದುವಾಗಿ, "ಮೊದಲ ಬೇಸಿನಲ್ಲಿ ನೀವು ತುಂಬಾ ಚೆನ್ನಾಗಿ ನಿಲ್ಲುತ್ತಿದ್ದಿರಿ, ಮಿಸ್ಟರ್ ವಾಸು" ಎಂದು ಸೇರಿಸಿದರು. ವಿಷಯ ತಿಳಿದ ಯೂಸುಫ್ ಎರಡು ವಾರ ನನ್ನೊಡನೆ ಮಾತು ಬಿಟ್ಟ. ತಾನು ಕೊಟ್ಟ ಉಡುಗೊರೆಯನ್ನು ನಾನು ಅಂಗಡಿಗೆ ಹಿಂತಿರುಗಿಸಿದಂತೆ ಅವನಿಗೆ ಅನ್ನಿಸಿರಬೇಕು.

ರಜೆ ಕಳೆದು ನಾಲ್ಕನೆಯ ಹೆಡ್ ಕೋಚ್ ಬಂದ. ಇಪ್ಪತ್ತಾರು ವರ್ಷದ ಹುಡುಗ, ಒಳ್ಳೆಯವನು. ಚೆಂಡಿನ ಚೀಲದ ಇನ್ನೊಂದು ತುದಿ ಹಿಡಿಯುವಷ್ಟು ಒಳ್ಳೆಯವನು. ಚೀಲ ಹಿಡಿದು ಮೈದಾನಕ್ಕೆ ನಡೆಯುತ್ತಾ, "ಇಷ್ಟು ವರ್ಷ ಇಲ್ಲಿದ್ದೀರಿ. ಹೆಡ್ ಕೋಚ್ ಆಗಬೇಕೆಂದು ನಿಮಗೆ ಅನ್ನಿಸಲೇ ಇಲ್ಲವೇ?" ಎಂದು ಕೇಳಿದ. ಯಾರಾದರೂ ಹಾಗೆ ಕೇಳಲೆಂದು ನಾನು ಒಂಬತ್ತು ವರ್ಷ ಕಾದಿದ್ದೆ. ಉದ್ದನೆಯ ಉತ್ತರವೂ ಸಿದ್ಧವಾಗಿತ್ತು.

"ಛೆ, ಯಾವತ್ತೂ ಇಲ್ಲ" ಎಂದೆ.

ಅವನು ತಲೆಯಾಡಿಸಿ ಕೂಡಲೇ ನಂಬಿದ. ಅಷ್ಟು ಬೇಗ ನಂಬಬಾರದಿತ್ತು ಎಂದು ನನಗೆ ಇಂದಿಗೂ ಬೇಸರವಿದೆ.