ಒಳಗೇ ಇಲ್ಲದ ಹೂಜಿ

ಗೃಹಪ್ರವೇಶಗಳಿಗೆ ಹೋಗುವುದೆಂದರೆ ನನಗೆ ಇಷ್ಟ. ಹೊಸ ಬಣ್ಣದ ವಾಸನೆ, ಹೊಸ ನಲ್ಲಿಗಳ ಹೊಳಪು, ‘ಇಲ್ಲಿ ವಾಷಿಂಗ್ ಮಷೀನ್ ಬರತ್ತೆ, ಅಲ್ಲಿ ಕಪಾಟು ಬರತ್ತೆ’ ಎನ್ನುತ್ತಾ ಮನೆಯೊಡೆಯರು ಮಾಡಿಸುವ ಪ್ರದಕ್ಷಿಣೆ, ಕಡೆಗೆ ಎಲೆಯ ಮೇಲೆ ಬಂದು ಬೀಳುವ ಹೋಳಿಗೆ, ಇವುಗಳಲ್ಲಿ ಯಾವುದರ ಮೇಲೂ ನನಗೆ ತಕರಾರಿಲ್ಲ. ನನ್ನ ಕಷ್ಟ ಶುರುವಾಗುವುದು ಮನೆಯಿಂದ ಹೊರಡುವ ಮುಂಚೆ, ‘ಕೈಯಲ್ಲಿ ಏನು ಹಿಡ್ಕೊಂಡು ಹೋಗೋದು?’ ಎಂಬ ಪ್ರಶ್ನೆಯಿಂದ. ನಮ್ಮ ಹಿರಿಯರು ಇದಕ್ಕೆ ಸ್ಟೀಲ್ ಪಾತ್ರೆ ಎಂಬ ಉತ್ತರ ಕಂಡುಹಿಡಿದು ನೆಮ್ಮದಿಯಾಗಿದ್ದರು. ಪಾತ್ರೆಯ ಕಂಠದ ಮೇಲೆ ಹೆಸರು ಕೊರೆಸಿಬಿಟ್ಟರೆ ಆಯಿತು, ಆ ಮನೆಯಲ್ಲಿ ಸಾರು ಕುದ್ದಾಗಲೆಲ್ಲ ಕೊಟ್ಟವರ ನೆನಪು. ಈಗ ಹಾಗಲ್ಲ. ಈಗ ಉಡುಗೊರೆ ಪಡೆಯುವವರಿಗೆ ಅಭಿರುಚಿ ಬಂದುಬಿಟ್ಟಿದೆ. ಅಭಿರುಚಿಯುಳ್ಳವರಿಗೆ ಉಡುಗೊರೆ ಕೊಡುವುದು ಸಕ್ಕರೆ ಕಾಯಿಲೆಯವರಿಗೆ ಬಡಿಸಿದ ಹಾಗೆ. ಏನು ಹಾಕಲು ಹೋದರೂ ಕೈ ಅಡ್ಡ ಹಿಡಿಯುತ್ತಾರೆ.

ನನ್ನ ಷಡ್ಡಕ ಪ್ರಶಾಂತ ಅಂಥ ಮನುಷ್ಯ. ನನ್ನ ಹೆಂಡತಿ ಸುಮಂಗಲೆಯ ತಂಗಿ ಶೈಲಾಳ ಗಂಡ. ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಯಲ್ಲಿ ಯಂತ್ರಗಳ ಹೊರಮೈ ನೋಡಲು ಹೇಗಿರಬೇಕೆಂದು ಯೋಚಿಸುವುದು ಅವನ ಕೆಲಸ. ಅವನಿಗೆ ವಿಜ್ಞಾನವೆಂದರೆ ಪ್ರಾಣ, ಆಧುನಿಕ ವಿನ್ಯಾಸವೆಂದರೆ ಪ್ರಾಣಕ್ಕಿಂತ ಒಂದು ಗುಲಗಂಜಿ ತೂಕ ಹೆಚ್ಚು. ಮನೆಯಲ್ಲಿ ಗೋಡೆ ಬಿಳಿ, ಪರದೆ ಬಿಳಿ, ಸೋಫಾ ಬಿಳಿ, ಸ್ವಿಚ್ಚುಗಳೂ ಗೋಡೆಯೊಳಗೆ ಸೇರಿಹೋದ ಬಿಳಿ. ಮೊದಲ ಸಲ ಹೋದಾಗ ಫ್ಯಾನು ಹಾಕಲು ನಾನು ಗೋಡೆಯನ್ನು ಹಸುವಿನ ಮೈ ಸವರಿದಂತೆ ಉದ್ದಕ್ಕೂ ಸವರಿಕೊಂಡು ಹೋಗಿದ್ದೆ. ನಾನೋ ದಾಸರಹಳ್ಳಿಯಲ್ಲಿ ಮನೆ ಮಾಡಿಕೊಂಡು, ಪೀಣ್ಯದ ಒಂದು ಸ್ಪ್ರಿಂಗ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕೂದಲು ಹಣ್ಣು ಮಾಡಿಕೊಂಡವನು. ನನ್ನ ಪ್ರಕಾರ ಒಂದು ವಸ್ತು ಚೆನ್ನಾಗಿದೆ ಎಂದರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದು ಅರ್ಥ. ಅದಕ್ಕಿಂತ ಮೇಲಿನ ಸೌಂದರ್ಯಶಾಸ್ತ್ರ ನನ್ನ ಟೇಬಲ್ಲಿಗೆ ಎಂದೂ ಬಂದಿರಲಿಲ್ಲ.

ಈ ಮಹನೀಯನ ಮದುವೆಯ ವಾರ್ಷಿಕೋತ್ಸವಕ್ಕೆ ಹಿಂದೊಮ್ಮೆ ನಾವು ಶಿವನನ್ನು ಕೊಟ್ಟಿದ್ದೆವು. ಪ್ಲಗ್ ಸಿಕ್ಕಿಸಿದರೆ ಜಟೆಯಿಂದ ಗಂಗೆ ಹರಿಯುವ, ಕೆಳಗೆ ನೀಲಿ, ಕೆಂಪು, ಹಸಿರು ದೀಪ ಹತ್ತುವ ಶಿವ. ಮೋಟಾರು ಸ್ವಲ್ಪ ಗೊರ್ರೆನ್ನುತ್ತಿತ್ತು, ನಿಜ. ಆದರೆ ಸುಮಂಗಲೆ ಅಂಗಡಿಯಲ್ಲಿದ್ದ ಶಿವಂದಿರನ್ನೆಲ್ಲ ಓಡಿಸಿ ನೋಡಿ, ಇದ್ದುದರಲ್ಲಿ ಮೃದುವಾಗಿ ಗೊರ್ರೆನ್ನುವವನನ್ನೇ ಆರಿಸಿದ್ದಳು. ಮುಂದಿನ ಸಲ ಅವರ ಅಪಾರ್ಟ್‌ಮೆಂಟಿಗೆ ಹೋದಾಗ ಗೇಟಿನ ಸೆಕ್ಯುರಿಟಿ ಕೋಣೆಯಿಂದ ಅದೇ ಗೊರ್ರ್ ಕೇಳಿಸಿತು. ಇಣುಕಿದರೆ ನಮ್ಮ ಶಿವ. ತಲೆ ಮೇಲೆ ದಾಸವಾಳ ಇಟ್ಟುಕೊಂಡು ಪ್ರಸನ್ನನಾಗಿದ್ದ. ಸುಮಂಗಲೆ ಮೇಲೆ ಹೋಗಿ ಕಾಫಿ ಕುಡಿದಳು, ಆದರೆ ಮಾತಾಡಲಿಲ್ಲ. ಅಲ್ಲಿಂದ ಮುಂದೆ ಅಕ್ಕತಂಗಿಯರ ಸಂಬಂಧ ಹಬ್ಬಕ್ಕೊಮ್ಮೆ ಮೊಬೈಲಿನಲ್ಲಿ ಕಳಿಸುವ ಎಳ್ಳುಬೆಲ್ಲದ ಚಿತ್ರಕ್ಕೆ ಬಂದು ನಿಂತಿತು. ಒಬ್ಬಳು ಚಿತ್ರ ಕಳಿಸುವುದು, ಇನ್ನೊಬ್ಬಳು ಕೈ ಮುಗಿದ ಗುರುತು ಕಳಿಸುವುದು. ದಾವಣಗೆರೆಯಲ್ಲಿ ಒಂದೇ ಕಂಬಳಿಯೊಳಗೆ ಮಲಗಿ ಬೆಳೆದವರು!

ಹೀಗಿರುವಾಗ ಪ್ರಶಾಂತ ಪಟ್ಟಂದೂರು ಅಗ್ರಹಾರದ ಹತ್ತಿರ ಸ್ವಂತ ಫ್ಲ್ಯಾಟು ಕೊಂಡ, ಗೃಹಪ್ರವೇಶಕ್ಕೆ ಕರೆ ಬಂತು. ಸುಮಂಗಲೆ ಆಹ್ವಾನವನ್ನು ನೋಡಿ ಮೊಬೈಲನ್ನು ಬೋರಲಾಗಿ ಇಟ್ಟಳು.

“ನೋಡ್ರಿ, ಈ ಸಲ ನಾವು ಕೊಟ್ಟಿದ್ದು ಅವರ ಹಾಲ್‌ನಲ್ಲಿ ಇರಬೇಕು. ನಟ್ಟನಡುವೆ. ಇಲ್ಲಾಂದ್ರೆ ನಾನು ಆ ಮನೆ ಹೊಸ್ತಿಲು ತುಳಿಯೋದು ಅದೇ ಕೊನೆ.”

“ಏನು ಕೊಡೋಣ ಅಂತೀಯ?”

“ಅದು ನನಗೆ ಗೊತ್ತಿದ್ರೆ ನಿಮಗ್ಯಾಕೆ ಹೇಳ್ತಿದ್ದೆ? ಅವರಿಗೆ ಸೈನ್ಸ್ ಬೇಕು, ಸ್ಟೈಲೂ ಬೇಕು. ನೀವೂ ಫ್ಯಾಕ್ಟರಿಯಲ್ಲಿ ಇದ್ದೀರಲ್ಲ, ಅಷ್ಟು ತಿಳಿಯಲ್ವ?”

ಫ್ಯಾಕ್ಟರಿಯಲ್ಲಿರುವುದಕ್ಕೂ ಸ್ಟೈಲಿಗೂ ಇರುವ ದೂರವನ್ನು ವಿವರಿಸುವ ಸಮಯ ಅದಾಗಿರಲಿಲ್ಲ. ಮರುದಿನ ಊಟದ ಹೊತ್ತಿಗೆ ನಮ್ಮ ಡ್ರಾಯಿಂಗ್ ವಿಭಾಗದ ರೆಹಾನಾ ಮೇಡಂ ಹತ್ತಿರ ಕಷ್ಟ ತೋಡಿಕೊಂಡೆ. ಆಕೆ ಡಬ್ಬಿಯಿಂದ ತಲೆಯೆತ್ತದೆ ಹೇಳಿದರು: “ಸಾರ್, ಸಿಂಪಲ್. ಕೈಗೆ ತಗೊಂಡು ನೋಡಿ. ಯಾವುದಕ್ಕೆ ಉಪಯೋಗ ಅಂತ ನಿಮಗೆ ಗೊತ್ತಾಯ್ತು ಅಂದ್ರೆ ವಾಪಸ್ ಇಟ್ಬಿಡಿ. ಗೊತ್ತಾಗ್ಲಿಲ್ವಾ, ಅದೇ ಡಿಸೈನು. ಪ್ಯಾಕ್ ಮಾಡಿಸ್ಕೊಳಿ.”

ಈ ಉಪದೇಶವನ್ನು ಹೊತ್ತು ಭಾನುವಾರ ವೈಟ್‌ಫೀಲ್ಡಿನ ಮಾಲ್ ಒಂದಕ್ಕೆ ಹೋದೆ. ಅಲ್ಲಿನ ಉಡುಗೊರೆ ಅಂಗಡಿಯೊಂದರೊಳಗೆ ಕಾಲಿಟ್ಟೆ. ಇಷ್ಟಗಲದ ಕೋಣೆಯಲ್ಲಿ ಅಲ್ಲೊಂದು ಇಲ್ಲೊಂದು ಸಾಮಾನು.

“ಅಂಗಡಿ ಖಾಲಿ ಮಾಡ್ತಿದ್ದೀರಾ ಮೇಡಂ?” ಎಂದು ಕೇಳಿದೆ.

“ಇಲ್ಲ ಸರ್, ಇದೇ ಡಿಸ್‌ಪ್ಲೇ,” ಎಂದಳು ಅಲ್ಲಿದ್ದ ಯುವತಿ, ನನ್ನ ಬಗ್ಗೆ ಆಗಲೇ ಅರ್ಧ ತೀರ್ಮಾನಕ್ಕೆ ಬಂದವಳಂತೆ. ಆದರೂ ತಾಳ್ಮೆಯಿಂದ ಒಂದೊಂದನ್ನೇ ತೋರಿಸಿದಳು. ಮೂಲವಸ್ತುಗಳ ಕೋಷ್ಟಕ ಅಚ್ಚಾದ ಕಾಫಿ ಬಟ್ಟಲು. ಬೆಳಗಾಗೆದ್ದು ಸೀಸ, ಪಾದರಸಗಳನ್ನು ನೋಡಿಕೊಂಡು ಕಾಫಿ ಕುಡಿಯುವ ಧೈರ್ಯ ಯಾರಿಗಿದೆ? ಗಾಳಿಯಲ್ಲಿ ತೇಲುತ್ತಾ ತಿರುಗುವ ಪುಟ್ಟ ಚಂದ್ರ ನಿಜಕ್ಕೂ ಮೋಹಕವಾಗಿದ್ದ. “ಕರೆಂಟ್ ಹೋದ್ರೆ?” ಎಂದೆ. “ಬೀಳತ್ತೆ ಸರ್,” ಎಂದಳು. ಗೃಹಪ್ರವೇಶಕ್ಕೆ ಬೀಳುವ ಚಂದ್ರನನ್ನು ಕೊಟ್ಟರೆ ಸುಮಂಗಲೆ ನನ್ನನ್ನು ಬಿಡುವುದಿಲ್ಲ. ಮಳೆ ಬರುವುದಾದರೆ ಒಳಗೆ ಹರಳುಗಟ್ಟಿ ಸೂಚನೆ ಕೊಡುವ ಗಾಜಿನ ಕೊಳವೆಯೂ ಇತ್ತು. ಅದರ ಎದುರಿಗೆ ಕಿಟಕಿ ಇತ್ತು, ಹೊರಗೆ ಮಳೆ ಹೊಯ್ಯುತ್ತಿತ್ತು, ಕೊಳವೆ ಮಾತ್ರ ಸ್ಫಟಿಕದಷ್ಟು ನಿರ್ಮಲವಾಗಿತ್ತು.

ಆಗ ಕಂಡಿತು ಆ ಹೂಜಿ. ತೆಳು ಗಾಜಿನದು. ಕತ್ತು ಹಂಸದಂತೆ ಮೇಲೆ ಹೋಗಿ, ಬಗ್ಗಿ, ತನ್ನದೇ ಹೊಟ್ಟೆಯನ್ನು ತೂರಿಕೊಂಡು ಒಳಗಿಳಿದು, ಕೆಳಗೆ ತಳದಲ್ಲಿ ತೂತಾಗಿ ತೆರೆದುಕೊಂಡಿತ್ತು. ಅದರ ಹೆಸರು ಯಾವುದೋ ಗಣಿತಜ್ಞನದಂತೆ, ನನ್ನ ಬಾಯಲ್ಲಿ ಕಡೆಗೂ ನಿಲ್ಲಲಿಲ್ಲ.

“ಇದಕ್ಕೆ ಒಳಗೆ, ಹೊರಗೆ ಅಂತ ಇಲ್ಲ ಸರ್. ಪೂರ್ತಿ ಒಂದೇ ಮೈ,” ಎಂದಳು ಯುವತಿ. “ಒಂದು ಇರುವೆ ಬಿಟ್ರೆ ಅಂಚೇ ದಾಟದೆ ಎಲ್ಲ ಕಡೆ ಓಡಾಡ್ಕೊಂಡು ಬರತ್ತೆ.”

ನಮ್ಮ ಮನೆಯ ಇರುವೆಗಳು ಬಿಗಿಯಾಗಿ ಮುಚ್ಚಿದ ಸಕ್ಕರೆ ಡಬ್ಬಿಯಲ್ಲೂ ಹಾಗೆಯೇ ಓಡಾಡುತ್ತವೆ ಎಂದು ಹೇಳಬೇಕೆನಿಸಿತು. “ನೀರು ಹಾಕಿಡಬಹುದಾ?” ಎಂದಷ್ಟೇ ಕೇಳಿದೆ.

“ಯಾಕ್ ಸರ್ ಹಾಕ್ತೀರಾ?” ಎಂದಳು ಗಾಬರಿಯಿಂದ.

ರೆಹಾನಾ ಮೇಡಂ ಪರೀಕ್ಷೆಯಲ್ಲಿ ಹೂಜಿ ಪೂರ್ಣಾಂಕದಿಂದ ಪಾಸಾಗಿತ್ತು. ಪ್ಯಾಕ್ ಮಾಡಿಸಿಕೊಂಡೆ.

ಗೃಹಪ್ರವೇಶದ ಬೆಳಿಗ್ಗೆ ರೇಷ್ಮೆ ಸೀರೆಯ ಸುಮಂಗಲೆಯೂ ಹೂಜಿ ಹೊತ್ತ ನಾನೂ ದಾಸರಹಳ್ಳಿಯಲ್ಲಿ ಮೆಟ್ರೊ ಹತ್ತಲು ಹೋದೆವು. ತಪಾಸಣೆಯ ಯಂತ್ರದ ಪರದೆಯಲ್ಲಿ ನಮ್ಮ ಡಬ್ಬ ಹಾದುಹೋದದ್ದೇ ಅಲ್ಲಿ ಕೂತಿದ್ದ ಮಹಿಳೆ ಬೆಲ್ಟು ನಿಲ್ಲಿಸಿ, ಪರದೆಗೆ ಮೂಗು ತಾಗಿಸಿದರು.

“ಸಾರ್, ಒಳಗೆ ಏನಿದೆ?”

“ಬಾಟಲಿ ಅಮ್ಮ, ಗಾಜಿಂದು.”

“ನೀರಾದ್ರೆ ಒಂದ್ ಗುಟುಕು ಕುಡ್ದು ತೋರ್ಸಿ.”

“ನೀರಿಲ್ಲ. ಖಾಲಿ.”

“ಹಂಗಾದ್ರೆ ಮುಚ್ಚಳ ತೆಗ್ದು ತೋರ್ಸಿ.”

“ಮುಚ್ಚಳ ಇಲ್ಲ. ಬಾಯಿನೂ ಇಲ್ಲ, ಮೇಲ್ಗಡೆ ಇಲ್ಲ ಅಂತ. ಕೆಳಗಿದೆ.”

“ಒಳಗಡೆ ಹೆಂಗ್ ಚೆಕ್ ಮಾಡೋದು ಮತ್ತೆ?”

ನನಗೆ ಅಂಗಡಿಯ ಯುವತಿ ಹೇಳಿದ್ದು ನೆನಪಾಯಿತು. ಆ ಕ್ಷಣದಲ್ಲಿ ಹೇಳಬಾರದಿತ್ತು. “ಇದಕ್ಕೆ ಒಳಗಡೆ ಅಂತಾನೇ ಇಲ್ಲಮ್ಮ,” ಎಂದುಬಿಟ್ಟೆ.

ಹಿಂದೆ ಸಾಲು ನಿಂತಿತು. ಆಕೆ ಇನ್ನೊಬ್ಬರನ್ನು ಕರೆದರು. ಅವರು ಡಬ್ಬ ತೆರೆಸಿ, ಹೂಜಿಯನ್ನು ಬೆಳಕಿಗೆ ಹಿಡಿದು, ಅಡಿ ಮೇಲು ಮಾಡಿ, ಕತ್ತಿನ ದಾರಿಯಲ್ಲಿ ಬೆರಳಾಡಿಸುತ್ತಾ ಎರಡು ಸುತ್ತು ಹೊಡೆದು, ಹೊರಟಲ್ಲಿಗೇ ಬಂದು ನಿಂತರು. “ಯಾವ ದೇವರಿಗೆ ಸಾರ್ ಇದು?” ಎಂದು ಮೆಲ್ಲಗೆ ಕೇಳಿದರು. “ಗೃಹಪ್ರವೇಶಕ್ಕೆ,” ಎಂದಳು ಸುಮಂಗಲೆ. ಗೌರವದಿಂದ ಒಳಗೆ ಬಿಟ್ಟರು. ರೈಲಿನಲ್ಲಿ ಕೂತ ಮೇಲೆ ಸುಮಂಗಲೆ ನನ್ನ ಕಡೆ ತಿರುಗಿ, “ಒಳಗೇ ಇಲ್ಲದ್ದನ್ನ ತಂದಿದ್ದೀರಾ?” ಎಂದಳು. ವೈಟ್‌ಫೀಲ್ಡ್ ಕಡೆಯ ರೈಲು ಇಷ್ಟು ಉದ್ದದ ಪ್ರಯಾಣ ಎಂದು ನನಗೆ ಅವತ್ತು ತಿಳಿಯಿತು.

ಆದರೆ ಪ್ರಶಾಂತ ಡಬ್ಬ ಬಿಚ್ಚಿದಾಗ ಆದದ್ದೇ ಬೇರೆ. ಹೂಜಿಯನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. “ಭಾವ, ನೀವು ಇದನ್ನ ಹುಡುಕಿ ತಂದ್ರಾ? ನೀವಾ?” ಎಂದ. ಆ ಎರಡನೆಯ ‘ನೀವಾ’ದಲ್ಲಿದ್ದ ಆಶ್ಚರ್ಯ ನನಗೆ ಸ್ವಲ್ಪ ಚುಚ್ಚಿದರೂ, ಹಾಲ್‌ನ ನಟ್ಟನಡುವಿನ ಬಿಳಿ ಪೀಠದ ಮೇಲಿದ್ದ ಯಾವುದೋ ಕಲ್ಲನ್ನು ತೆಗೆದು ಅಲ್ಲಿ ನಮ್ಮ ಹೂಜಿ ಇಟ್ಟಾಗ ಎಲ್ಲ ಮರೆತೆ. ಸುಮಂಗಲೆ ಸೆರಗು ಸರಿಮಾಡಿಕೊಂಡು, ಬಂದವರಿಗೆಲ್ಲ ಕೇಳಿಸುವಂತೆ, “ನಮ್ಮನೆಯವರ ಸೆಲೆಕ್ಷನ್ನು” ಎಂದಳು. ತಂಗಿಯ ಕಡೆ ಮಾತ್ರ ನೋಡಲಿಲ್ಲ. ಶೈಲಾ ಕೂಡ ಉಪ್ಪಿಟ್ಟಿನ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, “ಅಕ್ಕನಿಗೂ ಕೊಡಿ ಭಾವ” ಎಂದಳು, ಅಕ್ಕ ನನ್ನ ಮಗ್ಗುಲಲ್ಲೇ ಇದ್ದರೂ.

ನಾವು ಮೂರನೆಯ ಅಂತಸ್ತಿನ ಬಾಲ್ಕನಿಯಿಂದ ಕಾಣುವ ಐಟಿ ಪಾರ್ಕನ್ನು ಮೆಚ್ಚಿ ಮರಳುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಪೀಠದ ಮೇಲೆ ಹೂಜಿ ಬೆಳ್ಳಗೆ ತುಂಬಿ ನಿಂತಿತ್ತು. ಪಕ್ಕದಲ್ಲಿ ಪ್ರಶಾಂತನ ತಾಯಿ ಗೌರಮ್ಮನವರು, ರಾಣೆಬೆನ್ನೂರಿನಿಂದ ಬಂದವರು, ಒಂದು ಸಣ್ಣ ಚಮಚ ಹಿಡಿದು ಕೃತಾರ್ಥರಾಗಿ ಕೂತಿದ್ದರು.

“ಅಮ್ಮಾ! ಏನು ಮಾಡ್ದೆ?” ಎಂದು ಪ್ರಶಾಂತ ಕೂಗಿದ.

“ಹೊಸಾ ಮನ್ಯಾಗ ಖಾಲಿ ಭಾಂಡೆ ಇಡಬಾರದಪಾ. ಮುಂಜಾನೆ ಉಕ್ಕಿಸಿದ ಹಾಲು ಇತ್ತು, ಹಾಕಿದೆ. ಬಾಯಿ ತೆಳಗ ಐತಿ ಅಂತ ಬೋರಲು ಹಾಕಿ, ಹಂಗ ಓರೆ ಮಾಡಿ, ಹಿಂಗ ಓರೆ ಮಾಡಿ, ಚಮಚೆಲೆ ಹಾಕಿದೆ. ಭಾಳ ಹಟಮಾರಿ ಗಿಂಡಿ ಐತಿ. ಆದ್ರ ನಾ ಬಿಡ್ಲಿಲ್ಲ.”

“ಅಮ್ಮಾ, ಅದಕ್ಕೆ ಒಳಗೆ ಅನ್ನೋದೇ ಇಲ್ಲ! ಅದರ ಅರ್ಥಾನೇ ಅದು!”

ಗೌರಮ್ಮನವರು ಹೂಜಿಯನ್ನೊಮ್ಮೆ, ಮಗನನ್ನೊಮ್ಮೆ ನೋಡಿದರು. “ಒಳಗ ಇಲ್ಲಂದ್ರ ಹಾಲು ಎಲ್ಲಿ ನಿಂತೈತಿ?”

ಗಣಿತಶಾಸ್ತ್ರದಲ್ಲಿ ಇದಕ್ಕೆ ಉತ್ತರ ಇರಬಹುದು. ಆ ಹಾಲ್‌ನಲ್ಲಿ ಇರಲಿಲ್ಲ. ಪ್ರಶಾಂತ ಹೂಜಿಯನ್ನು ಎತ್ತಿ ಬಗ್ಗಿಸಿದ. ಒಂದು ಹನಿ ಬರಲಿಲ್ಲ. ಇನ್ನೊಂದು ಕಡೆ ಬಗ್ಗಿಸಿದ. ಗುಳುಕ್ಕೆಂದು ಒಂದು ಗುಟುಕು ಹಾಲು ಅವನ ಹೊಸ ಬಿಳಿ ಜುಬ್ಬದ ಮೇಲೆ ಬಂತು. ಬಂದಿದ್ದ ಇಂಜಿನಿಯರುಗಳೆಲ್ಲ ಉತ್ಸಾಹದಿಂದ ಸುತ್ತ ನೆರೆದರು. ಒಬ್ಬರು ಗಾಳಿಯ ಒತ್ತಡ ಎಂದರು, ಒಬ್ಬರು ಸೈಫನ್ ಎಂದರು, ಇನ್ನೊಬ್ಬರು ಕಾಗದದ ಮೇಲೆ ಚಿತ್ರ ಬರೆಯತೊಡಗಿದರು. ತಂದವನು ನಾನಾದ್ದರಿಂದ ಎಲ್ಲರೂ ನನ್ನ ಕಡೆ ನೋಡಿದರು. ನಾನು ಉಪ್ಪಿಟ್ಟಿನ ಕಡೆ ನೋಡಿದೆ.

“ಇಲ್ಲಿ ಕೊಡಿ,” ಎಂದಳು ಸುಮಂಗಲೆ. ಅದೇ ಹೊತ್ತಿಗೆ ಶೈಲಾಳೂ ಕೈ ಚಾಚಿದ್ದಳು. ಗಾಜಿನ ವಸ್ತು, ಇಬ್ಬರೂ ಹಿಡಿದರು, ಯಾರೂ ಬಿಡುವಂತಿರಲಿಲ್ಲ. ಹಾಗೇ ಜೊತೆಯಾಗಿ, ಗಣಪತಿಯನ್ನು ನೀರಿಗೆ ಬಿಡಲು ಒಯ್ಯುವವರಂತೆ, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ನಿಂತ ನನಗೆ ಮೊದಲು ಕೇಳಿಸಿದ್ದು ಬರೀ ಸೂಚನೆಗಳು. “ಎಡಕ್ಕೆ ಬಗ್ಗಿಸು.” “ಬಗ್ಗಿಸಿದೆ ಅಕ್ಕ.” “ಅಯ್ಯೋ ಮುಖಕ್ಕೆ ಬಂತು ಕಣೇ!” ಆಮೇಲೆ ಶೈಲಾಳ ದನಿ, ಸಣ್ಣಗೆ: “ಆ ಶಿವನ್ನ ಕೊಟ್ಟಿದ್ದು ನಾನಲ್ಲ ಅಕ್ಕ. ನಾನು ಊರಿಂದ ಬರೋ ಹೊತ್ತಿಗೆ ಇವರು ಕೊಟ್ಟುಬಿಟ್ಟಿದ್ರು. ಜಗಳ ಆಡಿ ಕೆಳಗೆ ಕೇಳಕ್ಕೆ ಹೋದರೆ ಸೆಕ್ಯುರಿಟಿಯವರು ಹೂ ಇಟ್ಟು ಪೂಜೆ ಮಾಡ್ತಿದ್ರು. ಪೂಜೆ ಆಗ್ತಿರೋ ದೇವರನ್ನ ಹೆಂಗೆ ವಾಪಸ್ ಕೇಳ್ಲಿ?” ನನ್ನ ಹೆಂಡತಿ ಏನು ಹೇಳಿದಳೋ ಕೇಳಿಸಲಿಲ್ಲ. ನಲ್ಲಿ ಜೋರಾಗಿ ಬಿಟ್ಟಿದ್ದರು. ಬಾಗಿಲು ತೆರೆದಾಗ ಇಬ್ಬರ ರೇಷ್ಮೆ ಸೀರೆಯೂ ಹಾಲಿನಲ್ಲಿ ನೆನೆದಿತ್ತು, ಇಬ್ಬರ ಕಣ್ಣೂ ಕೆಂಪಗಿತ್ತು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೂಜಿಯಲ್ಲಿ ಇನ್ನೂ ಅರ್ಧ ಹಾಲು ಇತ್ತು.

ಮರುದಿನ ಬೆಳಿಗ್ಗೆ ಶೈಲಾಳ ಫೋನು: “ಅಕ್ಕಾ, ಮೊಸರಾಗಿದೆ!” ಅಂದಿನಿಂದ ಅಕ್ಕತಂಗಿಯರಿಗೆ ದಿನವೂ ಮಾತು. ಅಂಟವಾಳದ ನೀರು, ಹುಣಸೆ ರಸ, ನಿಂಬೆಹಣ್ಣು, ಅಕ್ಕಿಕಾಳು ಹಾಕಿ ಕುಲುಕುವುದು, ಒಂದೊಂದಾಗಿ ಪ್ರಯೋಗವಾದವು. ಹೂಜಿ ಈಗ ಥಳಥಳ ಹೊಳೆಯುತ್ತಿದೆಯಂತೆ, ಕತ್ತಿನ ತಿರುವಿನಲ್ಲಿ ಸಿಕ್ಕಿಕೊಂಡ ಒಂದು ಅಕ್ಕಿಕಾಳನ್ನು ಬಿಟ್ಟರೆ. ಪ್ರಶಾಂತ ಅದನ್ನು ತೋರಿಸಿ ಅತಿಥಿಗಳಿಗೆ ಏನೋ ಗಹನವಾದದ್ದು ಹೇಳುತ್ತಾನೆಂದೂ, ಅವರು ತಲೆದೂಗುತ್ತಾರೆಂದೂ ಶೈಲಾ ಹೇಳಿದಳು. ಹೂಜಿ ಸ್ವಚ್ಛವಾದ ಮೇಲೂ ಫೋನು ನಿಂತಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಸುಖಿ. ಆದರೆ ನನಗೆ ಹೆಸರು ಬಂದುಬಿಟ್ಟಿದೆ. ನೆಂಟರಿಷ್ಟರಲ್ಲಿ ಯಾರು ಯಾವ ವಿಜ್ಞಾನಪ್ರೇಮಿಗೆ ಉಡುಗೊರೆ ಕೊಡಬೇಕಾದರೂ ನನ್ನನ್ನು ಕೇಳುತ್ತಾರೆ. ನಾನು ಗಂಭೀರವಾಗಿ, “ಮೊದಲು ಕೈಗೆ ತಗೊಂಡು ನೋಡಿ” ಎನ್ನುತ್ತೇನೆ. ಹೋದ ತಿಂಗಳು ಪ್ರಶಾಂತ ನನ್ನ ಹುಟ್ಟುಹಬ್ಬಕ್ಕೆಂದು ಒಂದು ಕುರ್ಚಿ ತಂದು ಕೊಟ್ಟ. ಶಬ್ದತರಂಗದ ಆಕಾರದ್ದಂತೆ. “ನಿಮ್ಮಂಥ ಟೇಸ್ಟ್ ಇರೋರಿಗೆ ಮಾತ್ರ ಇದು ಅರ್ಥ ಆಗತ್ತೆ ಭಾವ,” ಎಂದ. ಅದಕ್ಕೆ ಹೊಂದುವುದಿಲ್ಲವೆಂದು ಸುಮಂಗಲೆ ನನ್ನ ಹಳೆಯ ಬೆತ್ತದ ಕುರ್ಚಿಯನ್ನು ಕೆಳಮನೆಯ ಟೈಲರಿಗೆ ಕೊಟ್ಟಳು. ಹೊಸ ಕುರ್ಚಿಯಲ್ಲಿ ಕೂತರೆ ಮೊದಲ ಅಲೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬಹುದು, ಆಮೇಲೆ ಎರಡನೆಯದಕ್ಕೆ ಜಾರುತ್ತೇವೆ, ಅಲ್ಲಿಂದ ನೆಲಕ್ಕೆ. ಈ ಪ್ರಬಂಧವನ್ನು ನಾನು ಬರೆಯುತ್ತಿರುವುದು ನೆಲದ ಮೇಲಿಂದ. ಇದೀಗ ಕರೆಗಂಟೆಯಾಯಿತು. ಬಂದವರು ಪ್ರಶಾಂತ, ಶೈಲಾ ಇರಬೇಕು. ಸ್ವಲ್ಪ ಇರಿ, ನಾನು ಮೇಲೆ ಹತ್ತಿ ಕೂತು, ಬಹಳ ಆರಾಮವಾಗಿರುವಂತೆ ಕಾಣಬೇಕು.