ಅಜ್ಜಿಯ ರಾಗ ಕಲಿತವ

ಮೊದಲ ಸಲ ನಾನು ಮನೆ ಬಿಟ್ಟದ್ದು ಒಂದು ಸೋಮವಾರ, ಎಂಟನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ. ಮಡಂತ್ಯಾರಿನಲ್ಲಿ ಶಾಲೆಯ ಹತ್ತಿರ ಬಸ್ಸಿನಿಂದ ಇಳಿಯಬೇಕಾದವ ಇಳಿಯದೆ ಬಂಟ್ವಾಳಕ್ಕೆ ಹೋದೆ. ಮತ್ತೆ ಮೂಡಬಿದ್ರೆಯ ಹೋಟೆಲು, ಕಡೆಗೆ ಉಗಾಂಡದ ಕಂಪಾಲ. ಕಾಲು ನಿಲ್ಲದವನ ನಾಲಗೆ ಹೋದಲ್ಲೆಲ್ಲ ಏನಾದರೊಂದು ತಮಾಷೆ ಮಾಡಿಯೇ ಮಾಡುತ್ತದೆ.

ಒಂದು

ಕಂಪಾಲದಲ್ಲಿ ನನಗೆ ಲುಗಾಂಡ ಭಾಷೆ ಕಲಿಸಿದ್ದು ನಮ್ಮ ಹೋಟೆಲಿನ ಬದಿಯಲ್ಲಿ ಬಾಳೆಕಾಯಿ ಮಾರುವ ಮುದುಕಿ. ಎಲ್ಲರೂ ಅವಳನ್ನು 'ಜಜ್ಜ' ಅನ್ನುತ್ತಾರೆ, ಅಂದರೆ ಅಜ್ಜಿ. ಆ ಭಾಷೆಯಲ್ಲಿ ಪದಪದಕ್ಕೂ ಏರಿಳಿತ ಉಂಟು. ಅದರ ಮೇಲೆ ವಯಸ್ಸಿನ ರಾಗ ಬೇರೆ. ಹುಡುಗರು ಮಾತಿನ ತುದಿಯನ್ನು ಗಾಳಿಪಟದ ಹಾಗೆ ಮೇಲೆ ಬಿಡುತ್ತಾರೆ. ಜಜ್ಜ ತುಂಬಿದ ಕೊಡದ ಹಾಗೆ ಮೆಲ್ಲ ಕೆಳಗಿಡುತ್ತಾಳೆ. ನನಗೇನು ಗೊತ್ತು? ಕೊಡವನ್ನೇ ಕಲಿತೆ.

ಫೋನಿನಲ್ಲಿ ಬಿರಿಯಾನಿ ಆರ್ಡರ್ ತೆಗೆಯುವುದು ನನ್ನ ಕೆಲಸ. ಒಬ್ಬ ಗಿರಾಕಿ, "ಈ ಪ್ರಾಯದಲ್ಲಿ ನೀವ್ಯಾಕೆ ದುಡಿಯುವುದು ಜಜ್ಜಾ? ನಾನೇ ಬಂದು ತಗೊಳ್ತೇನೆ" ಅಂದ. ಬಂದವ ನನ್ನ ಗಡ್ಡ ನೋಡಿ, "ಅಜ್ಜಿ ಎಲ್ಲಿ?" ಅಂತ ಅಡುಗೆಕೋಣೆಯವರೆಗೂ ಹುಡುಕಿದ. ಆ ಅಜ್ಜಿಗೆಂದು ಅವ ತಂದ ಶಾಲು ಈಗಲೂ ನನ್ನಲ್ಲೇ ಉಂಟು.

ಎರಡು

ಸರಿಮಾಡಿಕೊಳ್ಳುವ ಅಂತ ಹುಡುಗರ ರಾಗ ಅಭ್ಯಾಸ ಮಾಡಿ, ಜಜ್ಜನ ಎದುರು ತುದಿ ಎತ್ತಿ ಮಾತಾಡಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು.

"ಜ್ವರ ಇಲ್ಲ. ಹಾಗಾದರೆ ಯಾರು ಹುಡುಗಿ?"

ಮೂರು

ಈ ಸಲ ಊರಿಗೆ ಬಂದಾಗ ನನ್ನ ಹೆತ್ತ ಉಮ್ಮ, "ಇನ್ನು ಹೋಗ್ಲಿಕ್ಕಿಲ್ಲ ಮೋನೇ" ಅಂತ ನನ್ನ ಪಾಸ್‌ಪೋರ್ಟನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟಳು. ಆಗಲೇ ಜಜ್ಜ ಬಿದ್ದು ಮೊಣಕಾಲು ನೋಯಿಸಿಕೊಂಡ ಸುದ್ದಿ ಬಂತು. ನನಗೆ ಕೂತಲ್ಲಿ ಕೂರಲಿಕ್ಕಾಗಲಿಲ್ಲ. ಹೋಗುತ್ತೇನೆ ಅನ್ನಲಿಕ್ಕೆ ಧೈರ್ಯವೂ ಇಲ್ಲ. ಜಜ್ಜನಿಗೆ ಫೋನು ಮಾಡಿದೆ. ಉಮ್ಮ ಬಂದು ಕಿವಿಗೊಟ್ಟಳು.

"ನೀನ್ಯಾಕೆ ಮಾರಾಯ, ನನ್ನ ಹಾಗೆ ಮಾತಾಡುವುದು?" ಅಂತ ಫೋನು ಕಸಿದಳು.

ಅರ್ಧ ಗಂಟೆ ಉಮ್ಮ ನಮ್ಮ ಬ್ಯಾರಿ ಭಾಷೆಯಲ್ಲಿ, ಜಜ್ಜ ಲುಗಾಂಡದಲ್ಲಿ. ಒಬ್ಬರ ಒಂದು ಪದವೂ ಇನ್ನೊಬ್ಬರಿಗೆ ಗೊತ್ತಿಲ್ಲ. ಆದರೆ ಕೊಡ ಇಳಿಸುವ ರಾಗ ಒಂದೇ, ಹೂಂ ಅನ್ನುವ ಜಾಗವೂ ಒಂದೇ.

"ಏನಂದಳು?" ಕೇಳಿದೆ.

"ಎಡಗಾಲು. ಕೂತು ಏಳುವಾಗ ಜಾಸ್ತಿ."

ನಾನು ಹೇಳಿಯೇ ಇರಲಿಲ್ಲ, ನನಗೆ ಬಂದ ಸುದ್ದಿಯಲ್ಲೂ ಎಡಗಾಲೇ!

ಉಮ್ಮ ಬೆಳ್ತಂಗಡಿಯಿಂದ ತರಿಸಿದ ತನ್ನ ಗಂಟುನೋವಿನ ಎಣ್ಣೆಯ ಬಾಟಲಿಯನ್ನೂ ಪಾಸ್‌ಪೋರ್ಟನ್ನೂ ತಂದು ಎದುರಿಟ್ಟಳು. ನಾನು ಬ್ಯಾಗು ತುಂಬಿಸತೊಡಗಿದೆ. ಪಾಸ್‌ಪೋರ್ಟಿನಿಂದ ಅಕ್ಕಿ ಉದುರಿತು.

"ಹಾಗಾದ್ರೆ ನನ್ನನ್ನು ಕಳಿಸ್ತೀಯಾ ಉಮ್ಮಾ?"

"ನಿನ್ನನ್ನು ಯಾರು ಕಳಿಸುವುದು? ಎಣ್ಣೆ ಕಳಿಸುವುದು. ಹೊರಲಿಕ್ಕೆ ಒಂದು ಜನ ಬೇಕಲ್ಲ" ಅಂದವಳು, ಬಾಗಿಲವರೆಗೆ ಹೋಗಿ ತಿರುಗಿದಳು. ಮಾತಿನ ತುದಿ ಮೆಲ್ಲ ಕೆಳಗಿಳಿಯಿತು.

"ಖಾಲಿ ಬಾಟಲಿ ಪಾರ್ಸೆಲ್ ಮಾಡ್ಬೇಡ. ಕೈಯಲ್ಲೇ ತಾ."